ಥರ್ಮೋಸ್ಟ್ಯಾಟ್ ಯಾವ ಗೋಡೆಗೆ?

ಚಳಿಗಾಲದಲ್ಲಿ ಕೆನಡಾಕ್ಕೆ ಮಗಳ ಬಾಣಂತನಕ್ಕೆ ಹೊರಡುವ ನನ್ನ ವಯಸ್ಸಿನ ಹೆಂಗಸರು ಮೆಂತ್ಯ, ಅಂಟು, ಒಣಶುಂಠಿ ಎಲ್ಲವನ್ನೂ ಮರೆಯದೆ ಕಟ್ಟಿಕೊಳ್ಳುತ್ತಾರೆ. ಜೊತೆಗೆ ಗೋಡೆಗೆ ನೇತುಹಾಕುವ ಒಂದು ಸಾದಾ ತಾಪಮಾಪಕವನ್ನೂ ಇಟ್ಟುಕೊಳ್ಳಿ ಅನ್ನುತ್ತೇನೆ. ನಾನು ವಿದ್ಯುತ್ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತಳಾದವಳು. ಮಾಂಟ್ರಿಯಲ್‌ನಲ್ಲಿ ಮಗಳ ಮನೆಯ ವೈರಿಂಗ್ ನೋಡಿದ ಮೇಲೆ ಈ ಮಾತು ಹೇಳುತ್ತಿದ್ದೇನೆ.

ಮಾಂಟ್ರಿಯಲ್ ಇರುವ ಕ್ವಿಬೆಕ್ ಪ್ರಾಂತ್ಯದಲ್ಲಿ ಜಲವಿದ್ಯುತ್ ಧಾರಾಳ, ದರವೂ ಕಡಿಮೆ. ಹಾಗಾಗಿ ಅಲ್ಲಿ ಬಹಳಷ್ಟು ಮನೆಗಳು ಬೆಚ್ಚಗಾಗುವುದು ಕರೆಂಟಿನಿಂದಲೇ. ಕಿಟಕಿಯ ಕೆಳಗೆ, ಗೋಡೆಯ ಬುಡಕ್ಕೆ ಅಂಟಿಕೊಂಡಂತೆ ಉದ್ದನೆಯ ತಗಡಿನ ಪೆಟ್ಟಿಗೆ ಇರುತ್ತದೆ. ಅದೇ ಬೇಸ್‌ಬೋರ್ಡ್ ಹೀಟರ್. ಫ್ಯಾನ್ ಇಲ್ಲ, ಸದ್ದಿಲ್ಲ. ಗಾಜಿನಿಂದ ಇಳಿಯುವ ತಣ್ಣನೆ ಗಾಳಿಯನ್ನು ಅಲ್ಲೇ ಬಿಸಿಮಾಡಿ ಮೇಲಕ್ಕೆ ಕಳಿಸುತ್ತದೆ. ಸಾಮಾನ್ಯವಾಗಿ ಪ್ರತಿ ಕೋಣೆಗೂ ಬೇರೆ ಹೀಟರ್, ಕೋಣೆಯ ಬಿಸಿ ನೋಡಿ ಅದನ್ನು ಹಚ್ಚಿ ಆರಿಸುವ ಬೇರೆ ಥರ್ಮೋಸ್ಟ್ಯಾಟ್. ಈ ಏರ್ಪಾಡು ನನಗೆ ಬಹಳ ಹಿಡಿಸಿತು.

ವೈರಿಂಗ್ ಮಾತ್ರ ನಮ್ಮ ಹಾಗಲ್ಲ. ನಮ್ಮಲ್ಲಿ ಒಂದು ಫೇಸ್, ಒಂದು ನ್ಯೂಟ್ರಲ್, 230 ವೋಲ್ಟ್. ಅಲ್ಲಿ 240 ವೋಲ್ಟಿನ ಹೀಟರಿಗೆ ಬರುವ ಎರಡು ತಂತಿಗಳಲ್ಲೂ ಕರೆಂಟು ಇರುತ್ತದೆ: ನೆಲಕ್ಕೆ ತಲಾ 120, ಒಂದರಿಂದ ಇನ್ನೊಂದಕ್ಕೆ 240. ಸಿಂಗಲ್ ಪೋಲ್ ಥರ್ಮೋಸ್ಟ್ಯಾಟ್ ಕಡಿಯುವುದು ಒಂದನ್ನು ಮಾತ್ರ. ಹೀಟರ್ ತಣ್ಣಗಿದೆ, ಕರೆಂಟಿಲ್ಲ ಎಂದು ಅಳಿಯಂದಿರು ಸ್ಕ್ರೂಡ್ರೈವರ್ ಹಿಡಿದು ಕೂತರೆ ಇನ್ನೊಂದು ತಂತಿ ಕಾಯುತ್ತಿರುತ್ತದೆ. ಕ್ವಿಬೆಕ್‌ನಲ್ಲಿ ಮನೆಯೊಡೆಯರೂ ವೈರಿಂಗ್ ಮುಟ್ಟುವಂತಿಲ್ಲ, ಪರವಾನಗಿ ಇರುವ ಗುತ್ತಿಗೆದಾರರೇ ಮಾಡಬೇಕು. ಪಕ್ಕದ ಒಂಟಾರಿಯೊದಲ್ಲಿ ಸ್ವಂತ ಮನೆಯದಾದರೆ ಮೊದಲೇ ತಿಳಿಸಿ, ತಪಾಸಣೆಗೆ ಒಪ್ಪಿ, ತಾವೇ ಮಾಡಬಹುದು. ಸಹಿ ಒಬ್ಬರದು, ಕೆಲಸ ಇನ್ನೊಬ್ಬರದು ಎಂಬ ಕಡತಗಳನ್ನು ಸಾಕಷ್ಟು ಕಂಡ ನನಗೆ ಕ್ವಿಬೆಕ್‌ನ ಬಿಗಿಯೇ ಸರಿ ಅನ್ನಿಸುತ್ತದೆ.

ಆದರೆ ಪರವಾನಗಿ ಇದ್ದ ಮಾತ್ರಕ್ಕೆ ಕೋಣೆ ಬೆಚ್ಚಗಾಗುವುದಿಲ್ಲ. ಮಗಳ ಮನೆಯಲ್ಲಿ ಕೇಬಲ್ಲಿನ ಗಾತ್ರ, ಬ್ರೇಕರ್, ಜೋಡಣೆ, ಯಾವುದರಲ್ಲೂ ತಪ್ಪು ಹುಡುಕಲಾಗಲಿಲ್ಲ. 20 ಆಂಪಿಯರ್ ಸರ್ಕ್ಯೂಟಿಗೆ ಶೇ 80ರ ಲೆಕ್ಕದಲ್ಲಿ 3840 ವ್ಯಾಟ್ ಮಿತಿ. 1500ರ ಎರಡು ಹೀಟರ್ ಕೊಟ್ಟು ನಿಲ್ಲಿಸಿದ್ದರು. ಥರ್ಮೋಸ್ಟ್ಯಾಟ್ ಮಾತ್ರ ಹೀಟರಿನ ನೆತ್ತಿಯ ಮೇಲೆ, ಕಿಟಕಿಯ ಪಕ್ಕದಲ್ಲಿ, ಹೊರಗೋಡೆಗೆ ಕೂತಿತ್ತು. ಕೇಬಲ್ ನೆಟ್ಟಗೆ ಮೇಲಕ್ಕೆ ಎಳೆದರೆ ಸಿಗುವ ಜಾಗ ಅದು. ಒಲೆಯ ಪಕ್ಕ ಕೂತವನನ್ನು ಚಳಿಯಾಗ್ತಿದೆಯಾ ಅಂತ ಕೇಳಿದ ಹಾಗೆ! ಬಿಸಿಗಾಳಿ ತಗುಲಿದೊಡನೆ ಅದು ಹೀಟರ್ ಆರಿಸಿಬಿಡುತ್ತಿತ್ತು. ಅದರ ಪರದೆಯಲ್ಲಿ 22 ಡಿಗ್ರಿ. ತೊಟ್ಟಿಲ ಬಳಿಯ ನನ್ನ ತಾಪಮಾಪಕದಲ್ಲಿ 18. ರಾತ್ರಿ ಇದಕ್ಕೆ ತದ್ವಿರುದ್ಧ: ಗೋಡೆಯೊಳಗಿನ ತಣ್ಣನೆ ಗಾಳಿ ತಂತಿ ಬರುವ ತೂತಿನಿಂದ ಥರ್ಮೋಸ್ಟ್ಯಾಟಿನ ಬೆನ್ನಿಗೆ ನುಗ್ಗಿ, ಹೀಟರ್ ನಿಲ್ಲದೆ ಉರಿಯುತ್ತಿತ್ತು.

ಥರ್ಮೋಸ್ಟ್ಯಾಟ್ ಇರಬೇಕಾದದ್ದು ಒಳಗೋಡೆಯ ಮೇಲೆ, ನೆಲದಿಂದ ಸುಮಾರು ಒಂದೂವರೆ ಮೀಟರ್ ಎತ್ತರದಲ್ಲಿ. ಬಿಸಿಲು ಬೀಳಬಾರದು, ಅಲ್ಲಿನ ಚಳಿಗಾಲದ ಸೂರ್ಯ ತಗ್ಗಿನಲ್ಲಿದ್ದು ಕಿರಣ ಕೋಣೆಯ ಒಳಗಿನವರೆಗೂ ಚಾಚುತ್ತದೆ. ಬಾಗಿಲ ಹಿಂದೆ, ಪರದೆಯ ಮರೆಯಲ್ಲಿ, ಟಿವಿಯ ಪಕ್ಕದಲ್ಲಿಯೂ ಬೇಡ. ತಂತಿಯ ತೂತನ್ನು ಮುಚ್ಚಬೇಕು. ಇದೆಲ್ಲ ಎಲೆಕ್ಟ್ರಿಷಿಯನ್ನರಿಗೆ ಗೊತ್ತಿಲ್ಲದ್ದೇನಲ್ಲ. ಕೇಳುವವರಿಲ್ಲ, ಅಷ್ಟೆ.

ನಮ್ಮವರು ಮಾಡುವ ಕೆಲಸ ಇನ್ನೊಂದಿದೆ. ಮಗುವಿಗೆ ಎಣ್ಣೆನೀರು ಹಾಕುವ ಮುಂಚೆ ಬೇಗ ಬಿಸಿಯಾಗಲಿ ಎಂದು 28ಕ್ಕೆ ತಿರುಗಿಸುವುದು. ತಣ್ಣಗಿರುವ ಕೋಣೆಯಲ್ಲಿ 22ಕ್ಕಿಟ್ಟರೂ 28ಕ್ಕಿಟ್ಟರೂ 1500 ವ್ಯಾಟಿನ ಹೀಟರ್ 1500 ವ್ಯಾಟನ್ನೇ ಕೊಡುತ್ತದೆ. ಬೇಗ ಬೇಕೆಂದರೆ ಅರ್ಧ ಗಂಟೆ ಮೊದಲೇ ಹಾಕಿ. ಹೀಟರಿನ ಮೇಲೆ ಲಂಗೋಟಿ ಒಣಹಾಕುವ ಅಜ್ಜಿಯರೇ, ದಯವಿಟ್ಟು ಬೇಡ. ಬಟ್ಟೆಗೆ ಬೆಂಕಿ ಹತ್ತಬಹುದು.

ಕಡುಚಳಿಯಲ್ಲಿ ಈ ಹೀಟರುಗಳೆಲ್ಲ ಒಟ್ಟಿಗೆ ಉರಿಯುತ್ತವೆ. 2023ರ ಫೆಬ್ರವರಿ 3ರಂದು ಕ್ವಿಬೆಕ್‌ನ ವಿದ್ಯುತ್ ಬೇಡಿಕೆ 43 ಸಾವಿರ ಮೆಗಾವ್ಯಾಟ್ ದಾಟಿತ್ತು. ಚಳಿಗಾಲದ ಬೆಳಿಗ್ಗೆ, ಸಂಜೆಯ ಒತ್ತಡದ ಹೊತ್ತಿನಲ್ಲಿ ಬಳಕೆ ತಗ್ಗಿಸಿದವರಿಗೆ ಅಲ್ಲಿನ ವಿದ್ಯುತ್ ಸಂಸ್ಥೆ ಹೈಡ್ರೋ ಕ್ವಿಬೆಕ್ ಬಿಲ್ಲಿನಲ್ಲಿ ರಿಯಾಯಿತಿ ಕೊಡುತ್ತದೆ. ಇಲಾಖೆಯವಳಾಗಿ ಅದಕ್ಕೆ ನನ್ನ ಪೂರ್ತಿ ಬೆಂಬಲವಿದೆ. ಆದರೆ ಸುಳ್ಳು ಲೆಕ್ಕ ಕೊಡುವ ಜಾಗದಲ್ಲಿ ಥರ್ಮೋಸ್ಟ್ಯಾಟ್ ಕೂರಿಸಿ, ಎರಡು ಡಿಗ್ರಿ ಇಳಿಸಿ ಎಂದು ಬಾಣಂತಿಗೆ ಹೇಳುವುದು ನ್ಯಾಯವಲ್ಲ.

ಕಟ್ಟಿ ಮುಗಿದ ಮನೆಯಲ್ಲಿ ಅದನ್ನು ಸರಿಸಲು ಜಿಪ್ಸಮ್ ಗೋಡೆ ಕೊರೆಯಬೇಕು. ಇಲ್ಲವೇ ಹೀಟರಿಗೆ ರಿಲೇ ಹಾಕಿಸಿ, ವೈರಿಲ್ಲದ ಥರ್ಮೋಸ್ಟ್ಯಾಟನ್ನು ತೊಟ್ಟಿಲಿರುವ ಕಡೆಗೆ ತರಬೇಕು. ಮಗಳು ಇದನ್ನೇ ಆರಿಸಿಕೊಂಡಳು. ಹೊಸ ಮನೆ ಕಟ್ಟಿಸುತ್ತಿರುವ ಕನ್ನಡದ ಮಕ್ಕಳು ಅಲ್ಲಿ ಬೇಕಾದಷ್ಟಿದ್ದಾರೆ. ಅಡುಗೆಮನೆಯ ಕಲ್ಲಿನ ಬಣ್ಣಕ್ಕೆ ಮೂರು ಸಲ ಅಂಗಡಿಗೆ ಹೋಗುವವರು, ಗೋಡೆ ಮುಚ್ಚುವ ಮುಂಚೆ ಒಂದು ಸಲ ಸೈಟಿಗೆ ಹೋಗಿ ಥರ್ಮೋಸ್ಟ್ಯಾಟಿನ ಪೆಟ್ಟಿಗೆ ಎಲ್ಲಿದೆ ಎಂದು ನೋಡಲಿ. ಆ ಹಂತದಲ್ಲಿ ಅದನ್ನು ಎದುರಿನ ಗೋಡೆಗೆ ಸರಿಸಲು ಬೇಕಾಗುವುದು ಕೆಲವು ಮೀಟರ್ ಕೇಬಲ್ಲು.