ಒಂದು ವಿಡಿಯೋದಿಂದ ಜಸ್ಟಿನ್ ಬೀಬರ್ ಆಗಲಿಲ್ಲ

ಶಾಲೆಯ ಗ್ಯಾದರಿಂಗಿನಲ್ಲೋ, ಗಣೇಶನ ಪೆಂಡಾಲಿನಲ್ಲೋ ಒಂದು ಮಗು ಚೆಂದ ಹಾಡಿದರೆ ಸಾಕು, ಹತ್ತು ಮೊಬೈಲು ಮೇಲೇಳುತ್ತವೆ. "ಯೂಟ್ಯೂಬ್‌ಗೆ ಬಿಡ್ರಿ, ನಾಳೆ ಎಲ್ಲಿಗೋ ಹೋಗ್ತಾನ" ಅನ್ನುವವರು ಇದ್ದೇ ಇರುತ್ತಾರೆ. ಕಾಲೇಜು ಹುಡುಗರಿದ್ದರೆ ಜಸ್ಟಿನ್ ಬೀಬರ್ ಹೆಸರನ್ನೂ ಎಳೆದು ತರುತ್ತಾರೆ. ಆತನೂ ಹೀಗೇ ಒಂದು ವಿಡಿಯೋ ಹಾಕಿದನಂತೆ, ರಾತ್ರೋರಾತ್ರಿ ಸ್ಟಾರ್ ಆದನಂತೆ. ಈ ಕತೆ ಅರ್ಧ ಮಾತ್ರ ನಿಜ. ಉಳಿದ ಅರ್ಧವೇ ನಮ್ಮ ಊರಿನ ತಂದೆ ತಾಯಿಗೆ ಹೆಚ್ಚು ಬೇಕಾದದ್ದು.

ಬೀಬರ್ ಹುಟ್ಟಿದ್ದು 1994ರ ಮಾರ್ಚ್ 1ರಂದು, ಕೆನಡಾದಲ್ಲಿ. ಬೆಳೆದದ್ದು ಒಂಟಾರಿಯೊ ಪ್ರಾಂತ್ಯದ ಸ್ಟ್ರ್ಯಾಟ್‌ಫರ್ಡ್ ಎಂಬ ಸಣ್ಣ ಪಟ್ಟಣದಲ್ಲಿ. ತಾಯಿ ಪ್ಯಾಟಿ ಮ್ಯಾಲೆಟ್‌ಗೆ ಆಗ ಇನ್ನೂ 18. ಗಂಡನ ಆಸರೆ ಇಲ್ಲ. ಸರ್ಕಾರ ಕಡಿಮೆ ಬಾಡಿಗೆಗೆ ಕೊಡುವ ಮನೆ, ಕಡಿಮೆ ಸಂಬಳದ ಆಫೀಸು ಕೆಲಸ, ಬೆನ್ನಿಗೆ ಅಜ್ಜ ಅಜ್ಜಿ. ಹುಡುಗನಿಗೆ ಚಿಕ್ಕಂದಿನಿಂದ ಡ್ರಮ್ ಹುಚ್ಚು. ಆಮೇಲೆ ಪಿಯಾನೊ, ಗಿಟಾರ್, ಟ್ರಂಪೆಟ್. ಹೆಚ್ಚು ಪಾಲು ತಾನೇ ಬಾರಿಸಿ ಬಾರಿಸಿ ಕಲಿತದ್ದು.

ಆ ಪಟ್ಟಣದಲ್ಲಿ ಶೇಕ್ಸ್‌ಪಿಯರ್ ನಾಟಕಗಳ ದೊಡ್ಡ ಉತ್ಸವ ನಡೆಯುತ್ತದೆ. ಬೇಸಿಗೆಯಲ್ಲಿ ಹೊರಗಿನ ಜನ ಬಂದು ತುಂಬಿಕೊಳ್ಳುತ್ತಾರೆ. ಏವನ್ ಥಿಯೇಟರಿನ ಮೆಟ್ಟಿಲ ಮೇಲೆ ಕೂತು ಈ ಹುಡುಗ ಗಿಟಾರ್ ಹಿಡಿದು ಹಾಡುತ್ತಿದ್ದ. ಗಿಟಾರಿನ ಪೆಟ್ಟಿಗೆ ಮುಂದೆ ತೆರೆದಿರುತ್ತಿತ್ತು, ಹೋಗಿಬರುವವರು ಕಾಸು ಹಾಕುತ್ತಿದ್ದರು. ನಮ್ಮ ಜಾತ್ರೆಯಲ್ಲಿ ಹಾರ್ಮೋನಿಯಂ ಹಿಡಿದು ಕೂತವರ ಮುಂದಿನ ಟವೆಲ್ಲು ನೆನಪಿಸಿಕೊಳ್ಳಿ, ಅದೇ. ನಿಂತು ಕೇಳುವವರನ್ನು ಹಿಡಿದಿಡುವುದು ಹೇಗೆ ಅನ್ನುವುದು ಅಲ್ಲೇ ಅಭ್ಯಾಸವಾಯಿತು ಅಂತ ನನಗನ್ನಿಸುತ್ತದೆ. ವೈರಲ್ ಕತೆ ಹೇಳುವವರು ಈ ಮೆಟ್ಟಿಲನ್ನು ಹಾರಿಕೊಂಡೇ ಹೋಗುತ್ತಾರೆ.

2007ರ ಆರಂಭದಲ್ಲಿ ಊರಲ್ಲೊಂದು ಹಾಡಿನ ಸ್ಪರ್ಧೆ. ಹುಡುಗನಿಗೆ 12 ವರ್ಷ. ಮೊದಲ ಬಹುಮಾನ ಬರಲಿಲ್ಲ. ನೋಡಲಾಗದ ನೆಂಟರಿಷ್ಟರು ನೋಡಲಿ ಅಂತ ತಾಯಿ ಆ ವಿಡಿಯೋ ಯೂಟ್ಯೂಬಿಗೆ ಹಾಕಿದರು. ಯೂಟ್ಯೂಬೇ ಆಗ ಎರಡು ವರ್ಷದ ಕೂಸು. ಒಂದಾದ ಮೇಲೊಂದು ವಿಡಿಯೋ ಸೇರುತ್ತ ಹೋಯಿತು. ಅಮೆರಿಕದ ಅಟ್ಲಾಂಟಾದಲ್ಲಿದ್ದ ಸ್ಕೂಟರ್ ಬ್ರೌನ್ ಎಂಬ ಯುವಕ ಬೇರೆ ಯಾರದೋ ವಿಡಿಯೋ ಹುಡುಕುತ್ತಿದ್ದಾಗ ಕೈತಪ್ಪಿ ಇದನ್ನು ಒತ್ತಿದ. ಅದೃಷ್ಟ ಅಂದರೆ ಇದು, ಇಲ್ಲ ಅನ್ನುವುದಿಲ್ಲ.

ಆದರೆ ಆಮೇಲೆ ನಡೆದದ್ದು ನೋಡಿ. ಬ್ರೌನ್ ಆ ಥಿಯೇಟರ್ ಯಾವುದು, ಹುಡುಗನ ಶಾಲೆ ಯಾವುದು ಅಂತ ಪತ್ತೆ ಹಚ್ಚಿ ತಾಯಿಯನ್ನು ಹಿಡಿದ. ತಾಯಿ ತಕ್ಷಣ ಹೂಂ ಅನ್ನಲಿಲ್ಲ. ಗೊತ್ತಿಲ್ಲದ ಊರಿನ ಗೊತ್ತಿಲ್ಲದ ಗಂಡಸು ಮಗನನ್ನು ಕಳಿಸಿ ಅಂದರೆ ಯಾವ ತಾಯಿ ಅನ್ನುತ್ತಾಳೆ? ಚರ್ಚಿಗೆ ನಡೆದುಕೊಳ್ಳುವ ಹೆಂಗಸು, ಪ್ರಾರ್ಥನೆ ಮಾಡಿದರು, ಚರ್ಚಿನ ಹಿರಿಯರನ್ನು ಕೇಳಿದರು. ಒಪ್ಪಿದ ಮೇಲೂ 13 ವರ್ಷದ ಮಗನನ್ನು ಒಬ್ಬನನ್ನೇ ಬಿಡಲಿಲ್ಲ, ಕೊನೆಗೆ ತಾವೂ ಅಟ್ಲಾಂಟಾಕ್ಕೆ ಮನೆ ಬದಲಿಸಿದರು. ನನ್ನ ಲೆಕ್ಕದಲ್ಲಿ ಈ ಇಡೀ ಕತೆಯ ದೊಡ್ಡ ಪಾತ್ರ ಆಕೆಯದು.

ಹೆಸರಾಂತ ಗಾಯಕ ಅಷರ್ ಜೊತೆಯಾದ. ಐಲ್ಯಾಂಡ್ ರೆಕಾರ್ಡ್ಸ್ ಕಂಪನಿ ಸಹಿ ಹಾಕಿಸಿಕೊಂಡಿದ್ದು 2008ರ ಅಕ್ಟೋಬರಿನಲ್ಲಿ. ಮೊದಲ ಹಾಡು 'ಒನ್ ಟೈಮ್' ಬಂದಿದ್ದು 2009ರಲ್ಲಿ. ಆಗಲೂ ರೇಡಿಯೊದವರು ಕರೆದು ಹಾಕಲಿಲ್ಲ. ಗಿಟಾರ್ ಹೊತ್ತು ಸ್ಟೇಷನ್ನಿಂದ ಸ್ಟೇಷನ್ನಿಗೆ ಹೋಗಿ ಎದುರಿಗೇ ಕೂತು ಹಾಡಿ ತೋರಿಸಬೇಕಾಯಿತು. ಮೊದಲ ವಿಡಿಯೋದಿಂದ ಇಲ್ಲಿಗೆ ಎರಡು ವರ್ಷ ದಾಟಿತ್ತು. ರಾತ್ರೋರಾತ್ರಿ ಅನ್ನುವ ಆ ರಾತ್ರಿ ಇಷ್ಟು ಉದ್ದ!

ಆಮೇಲಿನದು ಮಾತ್ರ ನಿಜಕ್ಕೂ ಬಿರುಗಾಳಿ. 2009ರ ನವೆಂಬರಿನಲ್ಲಿ ನ್ಯೂಯಾರ್ಕ್ ಪಕ್ಕದ ಒಂದು ಮಾಲ್‌ಗೆ ಬರುತ್ತಾನೆಂದು ಸಾವಿರಾರು ಹುಡುಗಿಯರು ನುಗ್ಗಿ, ಕೆಲವರಿಗೆ ಗಾಯವಾಗಿ, ಕಾರ್ಯಕ್ರಮವೇ ರದ್ದಾಯಿತು. 2010ರ ಜನವರಿಯಲ್ಲಿ 'ಬೇಬಿ' ಹಾಡು. ಮಾರ್ಚಿನಲ್ಲಿ ಬಂದ ಆಲ್ಬಂ ಅಮೆರಿಕದ ಪಟ್ಟಿಯಲ್ಲಿ ನೇರ ಒಂದನೇ ಸ್ಥಾನಕ್ಕೆ ಹೋಯಿತು. ಜುಲೈ ಹೊತ್ತಿಗೆ 'ಬೇಬಿ' ಯೂಟ್ಯೂಬಿನಲ್ಲಿ ಅಲ್ಲಿಯವರೆಗೆ ಅತಿ ಹೆಚ್ಚು ನೋಡಿದ ವಿಡಿಯೋ. ಜನ ಅತಿ ಹೆಚ್ಚು ಡಿಸ್‌ಲೈಕ್ ಒತ್ತಿದ ವಿಡಿಯೋಗಳಲ್ಲೂ ಅದೇ ಮುಂದೆ. ಹುಡುಗನಿಗೆ 16. ಅದೇ ವರ್ಷ ಗಂಟಲು ಒಡೆಯಿತು, ಎಲ್ಲ ಹುಡುಗರಿಗೂ ಆಗುವಂತೆ. ನಮ್ಮ ಹುಡುಗರಾದರೆ ಆರು ತಿಂಗಳು ಸುಮ್ಮನಿರುತ್ತಾರೆ. ಇವನು ಟೂರಿನಲ್ಲಿದ್ದ, ನಿಲ್ಲಿಸುವ ಹಾಗಿಲ್ಲ. ಗಂಟಲು ನೋಡಿಕೊಳ್ಳಲು ಒಬ್ಬ ಗುರು, ಪಾಠ ಹೇಳಲು ಜೊತೆಗೇ ಓಡಾಡುವ ಟೀಚರು, ಹಾಡುಗಳ ಶ್ರುತಿ ಇಳಿಸಿ ಹಾಡುವುದು.

ಇಷ್ಟೆಲ್ಲ ಕಾವಲಿದ್ದೂ ಏನಾಯಿತು? 2014ರ ಜನವರಿಯಲ್ಲಿ ಮಯಾಮಿ ಬೀಚ್‌ನಲ್ಲಿ ಕಾರು ರೇಸಿನ ಗಲಾಟೆಯಲ್ಲಿ ಪೊಲೀಸರು ಹಿಡಿದಾಗ ವಯಸ್ಸು 19. 2017ರ ಮೇನಲ್ಲಿ ನವಿ ಮುಂಬೈನ ಡಿ.ವೈ. ಪಾಟೀಲ್ ಸ್ಟೇಡಿಯಂಗೆ ಬಂದು ಹೋದ. ಎರಡೇ ತಿಂಗಳಿಗೆ ಆ ಟೂರಿನ ಉಳಿದ ಕಾರ್ಯಕ್ರಮಗಳನ್ನೆಲ್ಲ ಕೈಬಿಟ್ಟ. 2019ರಲ್ಲಿ ಇನ್‌ಸ್ಟಾಗ್ರಾಮ್‌ನಲ್ಲಿ ತಾನೇ ಬರೆದುಕೊಂಡ: 18ಕ್ಕೆ ಕೈಯಲ್ಲಿ ಕೋಟಿಗಟ್ಟಲೆ ಹಣವಿತ್ತು, ಬದುಕು ನಡೆಸುವ ಕಲೆ ಒಂದೂ ಗೊತ್ತಿರಲಿಲ್ಲ, 19ಕ್ಕೆ ಮಾದಕ ವಸ್ತುಗಳಿಗೆ ಬಿದ್ದಿದ್ದೆ ಅಂತ. ಮರುವರ್ಷ ಬಂದ 'ಲೋನ್ಲಿ' ಹಾಡಿನ ವಿಡಿಯೋದಲ್ಲಿ ಒಬ್ಬ ಚಿಕ್ಕ ಹುಡುಗನನ್ನು ತನ್ನ ಬಾಲ್ಯದ ಪಾತ್ರಕ್ಕೆ ಹಾಕಿಕೊಂಡು, ತಾನು ಖಾಲಿ ಥಿಯೇಟರಿನಲ್ಲಿ ಒಬ್ಬನೇ ಕೂತು ನೋಡುತ್ತಾನೆ.

ಮಕ್ಕಳು ಹಾಡಬಾರದು ಅಂತ ನಾನು ಹೇಳುತ್ತಿಲ್ಲ. ಹಾಡಲಿ, ವಿಡಿಯೋನೂ ಹಾಕಿ. ವಿಡಿಯೋ ಓಡಿದ ಮೇಲಿನ ಫೋನ್ ಕರೆಗಳ ಬಗ್ಗೆ ನನ್ನ ಚಿಂತೆ. ನಮ್ಮ ಮಾಧ್ಯಮದವರಿಗೆ ಅದು ಎರಡು ದಿನದ ಸುದ್ದಿ. ಡೆಸ್ಕಿನವರು ಹುಡುಗನ ಬೈಟ್ ಕಳಿಸು ಅನ್ನುತ್ತಾರೆ, ಮೂರನೇ ದಿನ ಬೇರೆ ಜಿಲ್ಲೆಯ ಬೇರೆ ಹುಡುಗ. ಆದರೆ ಆಡಿಷನ್, ಆರ್ಕೆಸ್ಟ್ರಾ, ಆಲ್ಬಂ ಅಂತ ಕರೆಯುವವರು ಮನೆ ಬಾಗಿಲಿಗೇ ಬರುತ್ತಾರೆ. ಬಸ್ ಚಾರ್ಜು ಕೊಟ್ಟರೆ ದೊಡ್ಡದು ಅನ್ನುವ ಮನೆಗಳಲ್ಲಿ ಯಾರೂ ಏನೂ ಕೇಳುವುದಿಲ್ಲ.

ಕೇಳಲು ಕಾನೂನು ಇದೆ. ಬಾಲಕಾರ್ಮಿಕ ಕಾಯ್ದೆಯ 2017ರ ನಿಯಮದ ಪ್ರಕಾರ, 14 ತುಂಬದ ಮಗುವನ್ನು ಟಿವಿ ಶೋ, ಸಿನಿಮಾ ಅಥವಾ ದುಡ್ಡಿನ ಕಾರ್ಯಕ್ರಮಕ್ಕೆ ಹಾಕಿಕೊಳ್ಳುವವರು ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಪಡೆಯಬೇಕು, ಅಂದರೆ ಡಿಸಿ ಆಫೀಸು. ದಿನಕ್ಕೆ 5 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ, ವಿರಾಮವಿಲ್ಲದೆ 3 ಗಂಟೆ ಮೀರುವಂತಿಲ್ಲ, ಸತತ 27 ದಿನ ದಾಟುವಂತಿಲ್ಲ. ಶಾಲೆ ತಪ್ಪಬಾರದು. ಮಗುವಿಗೆ ಮನಸ್ಸಿಲ್ಲದಿದ್ದರೆ ಒತ್ತಾಯವಿಲ್ಲ. ಬಂದ ಹಣದಲ್ಲಿ ಕನಿಷ್ಠ ಶೇ. 20 ನೇರವಾಗಿ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಿಗೇ ಎಫ್‌ಡಿ ಆಗಬೇಕು. ಅದು ಮಗು ಪ್ರಾಯಕ್ಕೆ ಬಂದ ಮೇಲೆ ಮಗುವಿಗೇ ಸಿಗುವ ಹಣ, ತಂದೆಯ ಕೈಸಾಲಕ್ಕಲ್ಲ.

ಅನುಮತಿಗೆ ಅರ್ಜಿ ಹಾಕುವುದು ಕಾರ್ಯಕ್ರಮದವರ ಕೆಲಸ, ನಿಮ್ಮದಲ್ಲ. ಮಗುವನ್ನು ಗಾಡಿ ಹತ್ತಿಸುವ ಮುಂಚೆ ಅನುಮತಿ ಪತ್ರದ ಜೆರಾಕ್ಸ್ ಕೇಳಿ, ಜೊತೆಗೆ ಮನೆಯವರೊಬ್ಬರು ಹೋಗಿ. ದುಡ್ಡು ಬಂದ ಮೇಲೆ ಎಫ್‌ಡಿ ಪತ್ರದಲ್ಲಿ ಯಾರ ಹೆಸರಿದೆ ನೋಡಿ.