ವಾರಸುದಾರರಿಲ್ಲದ ಹೊನ್ನು

ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯಲ್ಲಿ ಹಾಳುಬಿದ್ದ ಗುಡಿಗಳನ್ನು ಅರಸಿ ಹೋಗುವವರಿಗೆ ಎಷ್ಟೋ ಕಡೆ ಶಾಸನಕ್ಕಿಂತ ಮೊದಲು ಕಣ್ಣಿಗೆ ಬೀಳುವುದು ಗರ್ಭಗೃಹದ ನಡುವೆ ತೋಡಿದ ಕುಳಿ. ಪೀಠ ಮಗುಚಿರುತ್ತದೆ, ಮೂರ್ತಿ ಇಬ್ಭಾಗವಾಗಿರುತ್ತದೆ. ಪಕ್ಕದಲ್ಲಿ ನಿಂಬೆಹಣ್ಣು, ಕುಂಕುಮ, ಒಡೆದ ತೆಂಗಿನಕಾಯಿ. ಅಮಾವಾಸ್ಯೆಯ ರಾತ್ರಿ ಅಂಜನ ಹಾಕಿಸಿ ಗುಪ್ತಧನಕ್ಕೆ ಕೈಹಾಕಿದವರ ಗುರುತುಗಳಿವು. ಇಂಥವರನ್ನು ಕಳ್ಳರೆಂದು ಕರೆದರೆ ಊರಿನಲ್ಲಿ ಒಪ್ಪುವವರು ಕಡಿಮೆ. ‘ಹೂತಿಟ್ಟವನು ಸತ್ತು ಎಂಟುನೂರು ವರ್ಷವಾಯಿತು. ಮಣ್ಣಲ್ಲಿ ಕೊಳೆಯುವುದು ಯಾರಿಗಾದರೂ ದಕ್ಕಲಿ. ಇದರಲ್ಲಿ ಹಾಳಾದವರು ಯಾರು?’ ಎಂಬ ಪ್ರಶ್ನೆ ಸಿದ್ಧವಾಗಿರುತ್ತದೆ. ಓದುಬರಹ ಬಲ್ಲವರೂ ಈ ಪ್ರಶ್ನೆಯ ಮುಂದೆ ತಡವರಿಸುತ್ತಾರೆ.

ತಡವರಿಸಬೇಕಾದ ಅಗತ್ಯವಿಲ್ಲ. ಇದು ಹಳೆಯ ಪ್ರಶ್ನೆ, ಇದಕ್ಕೆ ಉತ್ತರವೂ ಹಳೆಯದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಗೃಹಸ್ಥನ ಅಚೌರ್ಯವ್ರತವನ್ನು ಹೇಳುವಾಗ ಕನ್ನ ಕೊರೆಯುವವನನ್ನಾಗಲಿ ದಾರಿಗಳ್ಳನನ್ನಾಗಲಿ ಉದಾಹರಿಸುವುದಿಲ್ಲ. ಅವರು ಹೆಸರಿಸುವುದು ಇಟ್ಟ ವಸ್ತು, ಬಿದ್ದ ವಸ್ತು, ಮರೆತ ವಸ್ತು: ನಿಹಿತ, ಪತಿತ, ವಿಸ್ಮೃತ. ಒಡೆಯನ ಕಣ್ಣೆದುರಿಗೆ ಇಲ್ಲದ, ಎತ್ತಿಕೊಂಡರೆ ಯಾರೂ ಕೂಗಿಕೊಳ್ಳದ ವಸ್ತುಗಳೇ ಈ ಮೂರೂ. ಒಡೆಯನು ತಾನಾಗಿ ಬಿಟ್ಟುಕೊಡದಿದ್ದರೆ ಅದು ಪರರದೇ ಎಂಬುದು ಆಚಾರ್ಯರ ನಿಲುವು. ಮರೆಯುವುದು ಬೇರೆ, ಕೊಡುವುದು ಬೇರೆ, ಸಾಯುವುದೂ ಕೊಟ್ಟಂತಲ್ಲ. ಉಮಾಸ್ವಾತಿಗಳು ಕಳವಿಗೆ ಅದತ್ತಾದಾನ, ಎಂದರೆ ಕೊಡದುದನ್ನು ತೆಗೆದುಕೊಳ್ಳುವುದು, ಎಂಬ ಲಕ್ಷಣ ಹೇಳಿದಾಗಲೂ ಅಲ್ಲಿ ‘ಇನ್ನೊಬ್ಬನಿಗೆ ನೋವಾದರೆ ಮಾತ್ರ’ ಎಂಬ ಷರತ್ತಿಲ್ಲ.

ಹದಿಮೂರನೆಯ ಶತಮಾನದ ಪಂಡಿತ ಆಶಾಧರನಂತೂ ಇಂದಿನ ನಿಧಿಗಳ್ಳರ ವಾದವನ್ನು ಕಿವಿಯಾರೆ ಕೇಳಿದವನಂತೆ ಬರೆದಿದ್ದಾನೆ. ಒಡೆಯನಿಲ್ಲವೆಂಬ ಕಾರಣಕ್ಕೆ ನಿಧಿಯನ್ನು ತೆಗೆದುಕೊಳ್ಳಬಾರದು, ಒಡೆಯನಿಲ್ಲದ ಧನಕ್ಕೆ ಅರಸನೇ ದಾಯಾದಿ ಎಂಬುದು ಸಾಗಾರಧರ್ಮಾಮೃತದ ತೀರ್ಮಾನ. 1878ರ ನಿಕ್ಷೇಪ ಕಾಯಿದೆ ಹತ್ತು ರೂಪಾಯಿಗೆ ಮೇಲ್ಪಟ್ಟ ನಿಧಿ ಸಿಕ್ಕರೆ ಕಲೆಕ್ಟರರಿಗೆ ತಿಳಿಸಬೇಕೆಂದು ವಿಧಿಸಿದಾಗ ಬ್ರಿಟಿಷರು ಹೊಸ ನೀತಿಯನ್ನೇನೂ ತಂದಿರಲಿಲ್ಲ. ಅರಸನ ಜಾಗದಲ್ಲಿ ಈಗ ಸಮಸ್ತ ಪ್ರಜೆಗಳಿದ್ದಾರೆ, ಅಷ್ಟೇ ವ್ಯತ್ಯಾಸ.

ಹಾನಿಯೇ ಆಗುವುದಿಲ್ಲ ಎಂಬ ಮಾತಾದರೂ ನಿಜವೇ? ಯಾದಗಿರಿಗೆ ದೂರವಲ್ಲದ, ಭೀಮಾತೀರದ ಸನ್ನತಿಯನ್ನು ನೋಡಬಹುದು. ಅಲ್ಲಿಯ ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿಕಾಗುಡಿಯ ಮಾಡು 1986ರಲ್ಲಿ ಕುಸಿದಾಗ, ದೇವಿಯ ಪೀಠವಾಗಿದ್ದ ಕಲ್ಲು ಅಶೋಕನ ಶಾಸನವೆಂದು ತಿಳಿದುಬಂತು. ಮೂರ್ತಿಯನ್ನು ಕೂರಿಸಲು ನಡುವೆ ಕೊರೆದ ರಂಧ್ರ ಕೆಲವು ಅಕ್ಷರಗಳನ್ನು ನುಂಗಿತ್ತು. (ಕೊರೆದವನು ಭಕ್ತನೇ, ಅವನೂ ಹಾನಿಯಿಲ್ಲವೆಂದೇ ತಿಳಿದಿದ್ದಿರಬೇಕು.) ಕಳಿಂಗದ ಧೌಲಿ ಮತ್ತು ಜೌಗಡಗಳಲ್ಲಿ ಮಾತ್ರ ಕಂಡಿದ್ದ ಪ್ರತ್ಯೇಕ ಶಾಸನಗಳು ಕನ್ನಡ ನೆಲದಲ್ಲಿ ಸಿಕ್ಕವು. ಅದೇ ಕಲ್ಲನ್ನು ಯಾರೋ ರಾತ್ರಿ ಹೊತ್ತೊಯ್ದು ಮಾರಿದ್ದರೆ, ಕೊಂಡವನ ಪಡಸಾಲೆಯಲ್ಲಿ ಲಿಪಿ ಉಳಿಯುತ್ತಿತ್ತು, ‘ಸನ್ನತಿ’ ಉಳಿಯುತ್ತಿರಲಿಲ್ಲ. ಆ ಕಲ್ಲಿನ ಬೆಲೆಯಲ್ಲಿ ಅರ್ಧಕ್ಕೂ ಮಿಕ್ಕ ಪಾಲು ಅದು ಬಿದ್ದಿದ್ದ ಜಾಗದ್ದು. ಕಳ್ಳನು ಹೊರಲಾರದ ಆ ಪಾಲು ಅವನ ಕೈಗೂ ದಕ್ಕದೆ, ಊರಿಗೂ ಉಳಿಯದೆ ನಾಶವಾಗುತ್ತದೆ.

ಇಲ್ಲಿ ಮೆಡೋಸ್ ಟೇಲರನ ಮಾತು ಬರಲೇಬೇಕು. ಬಾಲಕ ವೆಂಕಟಪ್ಪನಾಯಕನ ಪರವಾಗಿ 1853ರವರೆಗೆ ಸುರಪುರದ ಆಡಳಿತ ನೋಡಿಕೊಂಡ ಈತ ಆ ಸೀಮೆಯ ಬೃಹತ್ ಶಿಲಾಗೋರಿಗಳನ್ನು ಅಗೆಸಿದನು, ಶಹಾಪುರದ ಬಳಿಯ ವಿಭೂತಿಹಳ್ಳಿಯಲ್ಲಿ ಸಾಲುಸಾಲಾಗಿ ನೆಟ್ಟ ಬಂಡೆಗಳನ್ನು ವರ್ಣಿಸಿದನು. ‘ಅವನೂ ಗೋರಿ ತೋಡಿದವನೇ ಅಲ್ಲವೇ?’ ಎಂದು ನಿಧಿಗಳ್ಳರ ಪರ ವಕೀಲರು ಕೇಳಬಹುದು. ಹೌದು, ತೋಡಿದನು, ಸತ್ತವರ ಅನುಮತಿ ಪಡೆಯದೆಯೇ. ಸಿಕ್ಕುದು ಎಲುಬು, ಮಡಕೆ, ಕಬ್ಬಿಣದ ಚೂರುಗಳು. ಆದರೆ ಅವನು ಗೋರಿಯ ಪದರಗಳನ್ನು ಮೇಲಿನಿಂದ ಕೆಳಗಿನವರೆಗೆ ಛೇದಚಿತ್ರವಾಗಿ ಬರೆದಿಟ್ಟನು. ಯಾವ ಎಲುಬು ಎಲ್ಲಿತ್ತು, ಯಾವ ಮಡಕೆ ಯಾವ ಮೂಲೆಯಲ್ಲಿತ್ತು ಎಂಬುದನ್ನು ಪ್ರಕಟಿಸಿದನು. ಅಗೆತದಿಂದ ಆದ ನಾಶಕ್ಕೆ ಲೆಕ್ಕ ಒಪ್ಪಿಸಿದನು. ಇಷ್ಟರಿಂದ ಅವನು ಪೂರ್ಣ ನಿರ್ದೋಷಿಯಾಗುತ್ತಾನೆಂದಲ್ಲ. ಅವನ ಸರಕಾರವೇ 1858ರ ಬಂಡಾಯದ ತರುವಾಯ, 1860ರಲ್ಲಿ ಸುರಪುರವನ್ನು ನಿಜಾಮನಿಗೆ ದಾನ ಮಾಡಿತು. ಕೊಟ್ಟವನಿಗೆ ಕೊಡುವ ಹಕ್ಕೇ ಇಲ್ಲದಿದ್ದರೆ ಪಡೆದದ್ದು ದತ್ತವೋ ಅದತ್ತವೋ ಎಂಬುದನ್ನು ಬಲ್ಲವರು ವಿಚಾರಿಸಲಿ.

ಇನ್ನೊಂದು ವಾದವಿದೆ: ಸರಕಾರದ ಕೈಗೆ ಕೊಟ್ಟರೆ ಗೋದಾಮಿನಲ್ಲಿ ಧೂಳು ತಿನ್ನುತ್ತದೆ. ಇದರಲ್ಲಿ ಸತ್ಯಾಂಶ ಇಲ್ಲದಿಲ್ಲ. ಆದರೆ ಕಾವಲುಗಾರ ನಿದ್ದೆಹೋದನೆಂದು ಹೊಲ ದಾರಿಹೋಕನದಾಗುವುದಿಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ಕಳ್ಳರನ್ನು ಬೈದು ಸಜ್ಜನರನ್ನು ಬಿಟ್ಟಂತಾಗುತ್ತದೆ. ಶ್ರಾವಕರ ಮನೆ ಒಂದೂ ಉಳಿಯದ ಊರುಗಳಲ್ಲಿ ಜಿನಬಿಂಬಗಳು ಬೇವಿನ ಮರದಡಿಯಲ್ಲೋ ಕೆರೆಯ ಏರಿಯ ಮೇಲೋ ನಿಂತಿರುವುದುಂಟು. ಊರವರು ಬೇರೆ ದೇವರ ಹೆಸರಿಟ್ಟು ಎಣ್ಣೆ ಎರೆಯುವುದೂ ಉಂಟು. ಅವನ್ನು ‘ನಮ್ಮದೇ ಮೂರ್ತಿ’ ಎಂದು ವಾಹನದಲ್ಲಿ ಏರಿಸಿಕೊಂಡು ದೂರದ ಹೊಸ ಬಸದಿಗೆ ಸಾಗಿಸುವ ಉತ್ಸಾಹಕ್ಕೆ ಏನೆಂದು ಹೆಸರಿಡಬೇಕು? ಇಲ್ಲಿ ದುರಾಸೆಯಿಲ್ಲ, ಮಾರಾಟವಿಲ್ಲ, ಭಕ್ತಿಯಿದೆ. ಆದರೂ ಅದತ್ತಾದಾನದ ಲಕ್ಷಣ ಪೂರ್ತಿಯಾಗಿ ಹೊಂದುತ್ತದೆ. ಪ್ರತಿಷ್ಠೆ ಮಾಡಿಸಿದವನು ಆ ಊರಿಗೆಂದು ಮಾಡಿಸಿದನು. ತಾನಿಲ್ಲದ ಕಾಲವನ್ನೂ ನೆನೆದೇ ಕನ್ನಡದ ದಾನಶಾಸನಗಳು ಕೊನೆಯಲ್ಲಿ ಶಾಪಾಶಯವನ್ನು ಕೆತ್ತಿಸಿದವು: ತಾನು ಕೊಟ್ಟದ್ದಾಗಲಿ ಪರರು ಕೊಟ್ಟದ್ದಾಗಲಿ ಅಪಹರಿಸಿದವನು ಅರವತ್ತು ಸಾವಿರ ವರ್ಷ ಅಮೇಧ್ಯದ ಹುಳುವಾಗುವನೆಂದು. ಅಪಹರಿಸುವವನು ಅನ್ಯಮತದವನಾಗಿರಬೇಕೆಂದು ಯಾವ ಶಾಸನವೂ ಹೇಳಲಿಲ್ಲ. ತಲೆಮಾರುಗಳಿಂದ ಎಣ್ಣೆ ಎರೆದ ಮುದುಕಿಗೆ ಆ ಬಿಂಬದಲ್ಲಿ ಪಾಲಿಲ್ಲವೆಂದು ತೀರ್ಪು ಕೊಡುವವರು ಯಾರು?

ಓದಿ ಕೊಡುತ್ತೇನೆಂದು ತಾಳೆಗರಿಯ ಕಟ್ಟು ಒಯ್ದು ಮರಳಿಸದ ವಿದ್ವಾಂಸರದೂ ಇದೇ ಪಂಕ್ತಿ. ಕೊಟ್ಟ ಮನೆಯವರಿಗೆ ಹಳಗನ್ನಡ ಓದಲು ಬಾರದು, ಹಾಗಾಗಿ ನಷ್ಟವಿಲ್ಲ ಎಂಬ ಸಮಾಧಾನ ಅಲ್ಲಿಯೂ ಕೇಳಿಬರುತ್ತದೆ.

ಬಿಂಬ ನಿಜವಾಗಿ ಅಪಾಯದಲ್ಲಿದ್ದರೆ ಮಾಡಬೇಕಾದ ಕೆಲಸ ಕಷ್ಟದ್ದಲ್ಲ, ನಿಧಾನದ್ದು. ಊರ ಹಿರಿಯರನ್ನು ಕೂರಿಸಿ ಕೇಳಬೇಕು. ಇದ್ದಲ್ಲಿಯೇ ಚಿತ್ರ ತೆಗೆದು, ದಿಕ್ಕು, ಅಳತೆ, ಪೀಠದ ಅಕ್ಷರಗಳನ್ನು ಬರೆದುಕೊಳ್ಳಬೇಕು. ತಹಸೀಲ್ದಾರರಿಗೂ ಪುರಾತತ್ವ ಇಲಾಖೆಗೂ ತಿಳಿಸಬೇಕು. ಊರವರು ಬೇಡವೆಂದರೆ ಅಲ್ಲೇ ಒಂದು ಚಪ್ಪರ ಕಟ್ಟಿಸಿಕೊಟ್ಟು ಬರಬೇಕು.