ಬರೇ ನೋಡಿ ಬರೂದಕ್ಕ ಬ್ಯಾಡ ಅನಬ್ಯಾಡ್ರಿ

ಪೆನ್ಸಿಲ್ವೇನಿಯಾಕ್ಕ ಮಗಳ ಮನಿಗೆ ಹೋದಾಗ ಮಾರ್ಚ್ ತಿಂಗಳು. ಬಾಜೂಮನಿ ಅಜ್ಜಿ ನಮ್ಮ ಮೊಮ್ಮಗನ್ನ ಅಡವಿಗೆ ಕರಕೊಂಡು ಹೋಗ್ತೀನಿ ಅಂದ್ಲು. ಆಕಿ ಜಿಂಕಿ ಬ್ಯಾಟಿ ಆಡಾಕಿ. ನಾ ಹೌಹಾರಿ "ಬ್ಯಾಡವಾ" ಅಂದೆ. "ಅವ್ವಾ, ಬ್ಯಾಟಿ ನವೆಂಬರ್ ಕಡೀಕ. ಈಗ ಬಂದೂಕ ಒಯ್ಯಂಗಿಲ್ಲ, ಬರೇ ನೋಡಿ ಬರ್ತಾರ" ಅಂದ್ಲು ಮಗಳು.

ಏನು ನೋಡ್ತಾರೋ ಅಂತ ನಾನೂ ಬೆನ್ನು ಹತ್ತಿದೆ. ಗಿಡ ಇನ್ನೂ ಚಿಗುರಿರಲಿಲ್ಲ, ಜಿಂಕಿ ಓಡಾಡೋ ಹಾದಿ ಎಲ್ಲಾ ಬಿಚ್ಚಿ ಕಾಣತಿದ್ವು. ಅವು ಮಲಗಿದ ತಗ್ಗು, ಹೋದ ಅಕ್ಟೋಬರದಾಗ ಗಂಡು ಕೋಡು ತಿಕ್ಕಿ ತೊಗಟಿ ಸುಲಿದ ಗಿಡ, ಓಕ್ ಕಾಯಿಗೆ ಎಲಿ ಕೆದರಿದ ಜಾಗ, ಎಲ್ಲಾ ಆಕಿ ವಹಿಯೊಳಗ ಬರಕೊಂಡ್ಲು. ಹಳ್ಳದ ಹಾದಿಗೆ ಒಂದು ಕ್ಯಾಮೆರಾ ಕಟ್ಟಿದ್ಲು. ಹೊಲದವರ ಮನಿಗೆ ಹೋಗಿ ಬ್ಯಾಟಿ ದಿನಕ್ಕ ಒಳಗ ಬರ್ಲಿಕ್ಕೆ ಈಗ್ಲೇ ಒಪ್ಪಿಗಿ ಕೇಳಿದ್ಲು. ಮೊಮ್ಮಗಗ ಉದುರಿದ ಕೋಡು ಸಿಕ್ತು. ನಮ್ಮ ರಾಣೇಬೆನ್ನೂರ ಕಡೆ ಚಿಗರಿ ಕೋಡು ಉದರಂಗಿಲ್ಲ. ಈ ಜಿಂಕಿದು ವರ್ಷಾ ಉದುರಿ ಹೊಸಾದು ಬರ್ತದ.

ಕೊಲ್ಲೂದು ನಂಗ ಇವತ್ತಿಗೂ ಒಗ್ಗೂದಿಲ್ಲ. ನಮ್ಮಲ್ಲೆ 1972ರ ಕಾಯ್ದೆ ಆದ ಮ್ಯಾಲೆ ಚಿಗರಿ ಹೊಡದ್ರ ಅಪರಾಧನ. ಆದ್ರ ಆಕಿ ಕೊಲ್ಲಾಕಿ ಅಂತ ಆಕಿ ಕಲಿಸೂದೂ ಬ್ಯಾಡ ಅನ್ನೂದು ತಪ್ಪು ಅಂತೀನಿ. ಚಿಗರಿ ಹೊಲಕ್ಕ ಬಂದು ಬೆಳಿ ಮೇದು ಹೋದ್ರ ನಾವು ಬೈದೇವಿ ಹೊರತು, ಯಾವ ಹಾದಿಲೆ ಬಂದ್ವು ಅಂತ ಒಮ್ಮೆರ ನೋಡೇವೇನ್ರಿ?

ಬ್ಯಾಟಿ ದಿನ ಹುಡುಗನ್ನ ಕಳಸೂದು ಬ್ಯಾರೆ ಮಾತು. ಅದಕ್ಕ ನಾ ಇನ್ನೂ ಹೂಂ ಅಂದಿಲ್ಲ, ಮಗಳ ಜೋಡಿ ಜಗಳ ನಡದsದ. ಈ ಅಡ್ಡಾಟಕ್ಕ ಮಾತ್ರ ಧಾರಾಳ ಕಳಸು ಅಂದೀನಿ. ಅಲ್ಲಿರೋ ನಮ್ಮವರು ಯಾರರೆ ಕಳಿಸಿದ್ರ, ಬಂದ ಕೂಡ್ಲೆ ಮಕ್ಕಳ ಮಣಕಾಲ ಸಂದಿ, ಕಿವಿ ಹಿಂದ ಉಣ್ಣಿ ಹತ್ಯಾವೇನು ನೋಡ್ರಿ. ಅಲ್ಲೆ ಅದರಿಂದ ಲೈಮ್ ರೋಗ ಬರ್ತದ.